ಗೋಣಿಕೊಪ್ಪೆಗೆ ಕುದುರಿದ ವ್ಯಾಪಾರ

ತಳಿ ಊರಿನ ದಿಣ್ಣೆ ಮೇಲೆ ಹಲ್ಲು ಕಟಕಟ ಅನ್ನಿಸುತ್ತಾ ನಿಂತಿದ್ದ ನನ್ನನ್ನು ನೋಡಿ, ಪಕ್ಕದ ಹೊಲದಲ್ಲಿ ಸೇವಂತಿಗೆ ಬಿಡಿಸುತ್ತಿದ್ದ ಅಜ್ಜಿಯೊಬ್ಬರು ನಕ್ಕೇಬಿಟ್ಟರು. ಜೂಜುವಾಡಿಯ ಅಂಗಡಿಯಲ್ಲಿ ಚೌಕಾಸಿ ಮಾಡಿ ಕೊಂಡ ದಪ್ಪ ಜಾಕೆಟ್ ತೊಟ್ಟೇ ನಾನು ಬೆಳಗಿನ ಓಟಕ್ಕೆಂದು ಏರು ಓಡಿದ್ದೆ. ಒಳಗೆಲ್ಲ ಬೆವರು. ಮಂಜು ನೋಡೋಣವೆಂದು ನಿಂತದ್ದೇ ತಡ, ಅದೇ ಬೆವರು ಕೊರೆಯತೊಡಗಿತು. ಬೆರಳು ಮರಗಟ್ಟಿ ಜಿಪ್ಪು ಎಳೆಯಲೂ ಆಗಲಿಲ್ಲ.

"ಒಳಗೆ ಒದ್ದೆ ಇಟ್ಕೊಂಡು ಮ್ಯಾಲೆ ಕೋಟು ಹಾಕುದ್ರೆ ಚಳಿ ಹೋಯ್ತದೇನ್ಲಾ? ಬಿಚ್ಚು!" ಎಂದವರೇ ಜಿಪ್ಪು ಎಳೆದರು, ಅಂಗಿಯನ್ನೂ ಬಿಚ್ಚಿಸಿದರು. ತಮ್ಮ ತಲೆ ಮೇಲಿದ್ದ ಗೋಣಿಚೀಲದ ಕೊಪ್ಪೆ ತೆಗೆದು ನನಗೆ ಹೊದಿಸಿದರು. ಬೆನ್ನು ಬೆಚ್ಚಗಾಯಿತು. ಚೌಕಾಸಿಯ ಹುಟ್ಟುಗುಣ ಬಿಡುತ್ತದೆಯೇ? "ಅಜ್ಜೀ, ಜಾಕೆಟ್ ನೀವಿಟ್ಕೊಳ್ಳಿ, ಕೊಪ್ಪೆ ನಂಗೆ ಕೊಡಿ" ಅಂದೆ.

"ನಿನ್ ಒದ್ದೆ ಕೋಟು ಯಾರಿಗ್ಲಾ ಬೇಕು? ಈ ಹೂವಿನ ಮೂಟೆ ಮಾರ್ಕೆಟ್ಗೆ ಹೋಗೋ ಜೀಪ್ ತಾವ್ಕೆ ಹೊತ್ಕೊಂಡು ಓಡು. ಜೀಪು ತಪ್ಪುದ್ರೆ ಹೂವೆಲ್ಲಾ ಬಾಡೋಯ್ತವೆ. ಹತ್ತಿಸ್ಬುಟ್ರೆ ಕೊಪ್ಪೆ ನಿಂದೇ."

ಬರಿಮೈಗೆ ಕೊಪ್ಪೆ, ಹೆಗಲಿಗೆ ಮೂಟೆ. ಜನ ನಗುತ್ತಿದ್ದರೂ ಓಡಿದೆ. ಹೂವು ಜೀಪು ಹತ್ತಿತು, ಚಳಿ ನನ್ನನ್ನು ಬಿಟ್ಟಿತು.

ಈಗ ತೆಳು ಅಂಗಿಯಲ್ಲಿ, ಕೊಂಚ ನಡುಗುತ್ತಲೇ ಓಟ ಶುರುಮಾಡುತ್ತೇನೆ. ಒಂದು ಒಣ ಅಂಗಿ, ಆ ಕೊಪ್ಪೆ ಬೆನ್ನಚೀಲದಲ್ಲಿರುತ್ತವೆ, ನಿಂತಾಗ ಹಾಕಿಕೊಳ್ಳಲು. ನೀವೂ ಹಾಗೇ ಮಾಡಿ. ಕೊಪ್ಪೆಯನ್ನು ಮಾತ್ರ ಕೇಳಬೇಡಿ, ಅದರಲ್ಲಿ ಚೌಕಾಸಿಯೇ ಇಲ್ಲ.