ಎಡಗೈ ನೆರಿಗೆ

ಬೀದಿಯವರು ಅವನನ್ನು ಕತ್ತರಿ ಮಾಮ ಎನ್ನುತ್ತಿದ್ದುದು ಅವನು ದರ್ಜಿ ಎಂಬ ಕಾರಣಕ್ಕಷ್ಟೇ ಅಲ್ಲ, ಅವನ ನಾಲಿಗೆಯೂ ಕತ್ತರಿಯೇ. ನಲವತ್ತು ವರ್ಷ ಪ್ಯಾಂಟು ಗಿಡ್ಡ ಮಾಡಿ, ಜಿಪ್ಪು ಬದಲಾಯಿಸಿ, ಹರಿದ ಜೇಬಿಗೆ ತೇಪೆ ಹಾಕಿದ ಮನುಷ್ಯ. ಹೊಸ ಬಟ್ಟೆ ಹೊಲಿಸಲು ಬಂದವರು ಬೆರಳೆಣಿಕೆಯಷ್ಟು. ಆ ಕೊರಗನ್ನೆಲ್ಲ ಅವನು ವರ್ಷಕ್ಕೊಮ್ಮೆ, ಸಿನಿಮಾ ಪ್ರಶಸ್ತಿ ಸಮಾರಂಭದ ನೇರ ಪ್ರಸಾರದ ದಿನ, ಟಿವಿಯ ಮುಂದೆ ಕೂತು ತೀರಿಸಿಕೊಳ್ಳುತ್ತಿದ್ದ.

ಸೌಂಡ್ ಪೂರ್ತಿ ಬಂದ್. "ಇವರ ಮಾತು ಯಾರಿಗೆ ಬೇಕ್ರೀ? ಬಟ್ಟೆ ನೋಡಿ, ಅದು ಸುಳ್ಳು ಹೇಳಲ್ಲ." ರಿಮೋಟು ಅವನ ತೊಡೆಯ ಕೆಳಗೆ. ಆ ಭಾನುವಾರ ಸಂಜೆಯೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಪಕ್ಕದ ಕ್ಷೌರದವನು, ಮಹಡಿಯ ಟೀಚರಮ್ಮ, ಇಸ್ತ್ರಿಯ ಗಂಡ ಹೆಂಡತಿ ಹಾಜರಿದ್ದರು. ಮಾಮ ತಾರೆಯರ ಜನ್ಮ ಜಾಲಾಡುವುದು, ಇವರು ಹೊಟ್ಟೆ ಹಿಡಿದುಕೊಂಡು ನಗುವುದು.

ಈ ಸಲ ಮಗಳೂ ಬಂದಿದ್ದಳು. ಎರಡು ವರ್ಷದ ಹಿಂದೆ ಅವಳು ಅಪ್ಪನ ಅಂಗಡಿ ಬಿಟ್ಟು, ಸಿನಿಮಾದವರಿಗೆ ಹೊಲಿಯುವ ದೊಡ್ಡ ಮಳಿಗೆ ಸೇರಿದಾಗ, "ಹೋಗು, ಗುಂಡಿ ಹಚ್ಚಿಕೊಂಡು ಬಿದ್ದಿರು" ಎಂದಿದ್ದ.

"ಅಪ್ಪ, ಇವತ್ತು ಒಬ್ಬರು ನಾನು ಹೊಲಿದಿರೋ ಗೌನು ಹಾಕ್ಕೊಂಡು ಬರ್ತಾರೆ. ಯಾರು ಅಂತ ಹೇಳಲ್ಲ. ಯಾವುದು ಚೆನ್ನಾಗಿದೆ, ನೀವೇ ಹೇಳಿ" ಎಂದಳು.

ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ಒಂದು "ಚೆನ್ನಾಗಿದೆ" ಕೇಳದವಳು ಅದಕ್ಕೆಂದೇ ಬಂದಿದ್ದಾಳೆಂದು ಎಲ್ಲರಿಗೂ ಗೊತ್ತಾಯಿತು. ಅವನಿಗೂ ಗೊತ್ತಾಯಿತು.

ಮೊದಲು ಬಂದ ನಟಿಗೆ, "ಪರದೆ ಕಿತ್ತು ಸುತ್ಕೊಂಡಿದ್ದಾಳೆ, ಪಾಪ, ಮನೆ ಕಿಟಕಿ ಬೋಳಾಗಿರುತ್ತೆ." ಹಿರಿಯ ನಟನೊಬ್ಬನಿಗೆ, "ಕೋಟು ಮದುವೇದು, ಹೊಟ್ಟೆ ಆಮೇಲಿಂದು." ಕ್ಷೌರದವನು ನಕ್ಕು ನಕ್ಕು ಕಣ್ಣೊರೆಸಿಕೊಂಡ.

ಆಮೇಲೆ ನೀಲಿ ಗೌನಿನವಳು ಬಂದಳು. ಸೊಂಟದ ನೆರಿಗೆಗಳು ಎಲ್ಲರೂ ಮಡಿಸುವ ದಿಕ್ಕು ಬಿಟ್ಟು ಎದುರು ದಿಕ್ಕಿಗೆ ಬಿದ್ದಿದ್ದವು. ಕತ್ತರಿ ಮಾಮ ಎಡಚ. ಅವನ ನೆರಿಗೆ ಯಾವತ್ತೂ ಹಾಗೇ ಬೀಳುತ್ತಿತ್ತು. ಅವನ ಕೈ ನೋಡುತ್ತಲೇ ಕಲಿತ ಮಗಳು ಬಲಗೈಯವಳಾದರೂ ಹಾಗೇ ಮಡಿಸುತ್ತಿದ್ದಳು. ಅವನಿಗೆ ಗುರುತು ಸಿಕ್ಕಿತು. ಎಷ್ಟು ನಯವಾಗಿ ಕೂತಿದ್ದವು! ತನ್ನ ಕೈಯಲ್ಲಿ ಒಮ್ಮೆಯೂ ಹೀಗೆ ಆಗಿರಲಿಲ್ಲ. ಸಂತೋಷವಾಗಬೇಕಿತ್ತು, ಹೊಟ್ಟೆಗೆ ಕಿಚ್ಚು ಬಿತ್ತು.

"ಇದು ಚೆನ್ನಾಗಿದೆ ಅಲ್ವಾ ಮಾಮ?" ಎಂದರು ಟೀಚರಮ್ಮ.

"ಚೆನ್ನಾಗಿದೆಯಾ? ನೆರಿಗೆ ನೋಡಿ, ಉಲ್ಟಾ. ಸೂಜಿ ಹಿಡಿಯೋಕೂ ಬರದ ಕೈ. ನಮ್ಮ ಹುಡುಗೀದಂತೂ ಅಲ್ಲ ಬಿಡಿ, ಇಷ್ಟು ದರಿದ್ರವಾಗಿ ಹೊಲಿಯೋಕೆ ಅವಳಿಗೂ ಬರಲ್ಲ."

ಎಲ್ಲರೂ ನಕ್ಕರು. ಹಿಂದೆಯೇ ಬಂದ ಕೆಂಪು ಗೌನನ್ನು ಅವನು ಬಾಯ್ತುಂಬ ಹೊಗಳಿದ. "ಇದಪ್ಪಾ ಕೆಲಸ ಅಂದ್ರೆ! ಇದೇ ನನ್ನ ಮಗಳದ್ದು!" ಇಸ್ತ್ರಿಯವನ ಹೆಂಡತಿ ಹುಡುಗಿಯ ಬೆನ್ನು ತಟ್ಟಿದಳು. ಯಾವನೋ ಹೊಲಿದ ಬಟ್ಟೆಗೆ ಬಂದ ಆ ಹೊಗಳಿಕೆಯನ್ನು ಅವಳು ತುಟಿ ಕಚ್ಚಿಕೊಂಡು ತೆಗೆದುಕೊಂಡಳು.

ಪ್ರಶಸ್ತಿ ನೀಲಿ ಗೌನಿನವಳಿಗೇ ಬಂತು. ವೇದಿಕೆಯ ಮೇಲೆ ಅವಳು ಮಾತಾಡುತ್ತ ಸೊಂಟದ ನೆರಿಗೆಯ ಮೇಲೆ ಕೈಯಾಡಿಸಿ, ಎಲ್ಲರಿಗೂ ಕಾಣುವಂತೆ ಪಕ್ಕಕ್ಕೆ ತಿರುಗಿದಳು.

"ಸೌಂಡ್ ಕೊಡಿ ಅಪ್ಪ, ಒಂದೇ ನಿಮಿಷ."

"ಇಲ್ಲಿ ಬಟ್ಟೆ ನೋಡ್ತೀವಿ ಕಣಮ್ಮ, ಭಾಷಣ ಕೇಳಲ್ಲ."

"ಕೈ ಮುಗೀತೀನಿ ಅಪ್ಪ."

ಅವನು ರಿಮೋಟಿನ ಮೇಲೆ ಇನ್ನಷ್ಟು ಭದ್ರವಾಗಿ ಕೂತ. ಮಗಳ ಹೆಸರು ಈ ಕೋಣೆಯಲ್ಲಿ ಕೇಳಿಸುವುದು ಅವನಿಗೆ ಬೇಕಿರಲಿಲ್ಲ. ನಟಿಯ ತುಟಿಗಳು ಆಡಿ ನಿಂತವು, ಸಭೆ ಎದ್ದು ಚಪ್ಪಾಳೆ ತಟ್ಟಿತು, ಜಾಹೀರಾತು ಬಂತು. ಏನೋ ಸರಿಯಿಲ್ಲವೆಂದು ಅರಿತು ನೆರೆಯವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಮಗಳು ಚೀಲ ಹೆಗಲಿಗೇರಿಸಿದಳು. "ನೆರಿಗೆ ನೋಡಿದಾಗಲೇ ಗೊತ್ತಾಯ್ತು, ಅಲ್ವಾ?"

ಅವನು ಜಾಹೀರಾತಿನತ್ತ ಮುಖ ತಿರುಗಿಸಿದ.

"ಮಳಿಗೆಯವರು ಬಿಚ್ಚಿ ಸರಿ ಮಾಡು ಅಂದ್ರು. ಆ ನಟಿಯೇ ಬೇಡ ಅಂದ್ರು, ಇದೇ ಚೆಂದ ಅಂತ. ಯಾರು ಕಲಿಸಿದ್ದು ಅಂತ ಕೇಳಿದ್ರು. ನಿಮ್ಮ ಹೆಸರು ಬರ್ಕೊಟ್ಟೆ. ಗೆದ್ದರೆ ವೇದಿಕೆ ಮೇಲೆ ಹೇಳ್ತೀನಿ ಅಂದಿದ್ರು. ನನ್ನ ಹೆಸರಲ್ಲ ಅಪ್ಪ, ನಿಮ್ಮದು."

ಕತ್ತರಿ ಮಾಮ ತಡಬಡಿಸಿ ರಿಮೋಟು ಎಳೆದು ಒತ್ತಿದ. ಬಟ್ಟೆ ಸೋಪಿನ ಹಾಡು ಕೋಣೆ ತುಂಬ ಕಿರುಚಿತು.

"ಹೇಳಿದ್ಲಾ?" ಎಂದ. "ಏನಂದ್ಲು? ಹೇಳೇ!"

"ನನಗೇನು ಗೊತ್ತಪ್ಪ" ಎಂದು ಮಗಳು ಚಪ್ಪಲಿ ಮೆಟ್ಟಿದಳು. "ನಾನೂ ಇಲ್ಲೇ ಕೂತಿದ್ನಲ್ಲ."