ಗೋಡೆಯ ಮೇಲಿನ ಹೊಳೆ

ಏಕಾಂತದಲ್ಲಿ ಮನುಷ್ಯನಿಗೆ ಜೀವನದ ಗಹನ ಸತ್ಯಗಳು ತಾವಾಗಿಯೇ ಗೋಚರಿಸುತ್ತವೆ. ಮೆಲಾಕಾದಲ್ಲಿ ಒಬ್ಬನೇ ಇದ್ದ ನನಗೆ ಗೋಚರಿಸಿದ್ದು ತಳ ಹಿಡಿದ ಅನ್ನ ಒಂದೇ. ದೆವ್ವ, ಅಶರೀರವಾಣಿ ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಅಂಗರಚನಾಶಾಸ್ತ್ರ ಕಲಿಸುತ್ತ ದಿನವಿಡೀ ಹೆಣಗಳ ನಡುವೆ ನಿಲ್ಲುವವನು ಇವನ್ನೆಲ್ಲ ನಂಬಿದರೆ ಪಾಠ ನಡೆಯುವುದು ಹೇಗೆ? ಹಾಗಿದ್ದೂ ಇದನ್ನು ಬರೆಯುತ್ತಿದ್ದೇನೆ. ನಗುವವರು ನಗಬಹುದು.

ತೊಂಬತ್ತೇಳರ ಮಾತು. ಸುಮಾತ್ರದ ಕಾಡು ಉರಿದು ಅದರ ಹೊಗೆ ಸಮುದ್ರ ದಾಟಿ ಮೆಲಾಕಾವನ್ನು ಮುಚ್ಚಿತ್ತು. ಕಿಟಕಿ ತೆರೆಯುವಂತಿರಲಿಲ್ಲ. ತಿಳಿಯಾದ ಆಕಾಶವಿದ್ದದ್ದು ನನ್ನ ಬಾಡಿಗೆ ಮನೆಯ ಗೋಡೆಯಲ್ಲಿ ಮಾತ್ರ. ಮನೆಯೊಡತಿ ಬಿಟ್ಟುಹೋಗಿದ್ದ ಚಿತ್ರ ಅದು; ಹಳೆಯ ಫ್ರೆಂಚ್ ರೊಕೊಕೊ ಶೈಲಿಯ ನಕಲು. ಗರಿಗಳಂಥ ಮರಗಳು, ಮುರುಕು ಸೇತುವೆ, ನೀಲಿಯಾಗಿ ಕರಗುವ ದೂರ, ಹೊಳೆಯ ದಡದಲ್ಲಿ ನಮಗೆ ಬೆನ್ನು ಹಾಕಿ ಬಟ್ಟೆ ಒಗೆಯುವ ಹೆಂಗಸು. ಗುಲಾಬಿ ರೇಷ್ಮೆಯ ಲಂಗದಲ್ಲಿ ಬಟ್ಟೆ ಒಗೆಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮ ಕಡೆ ಹೊರಡುವಾಗ ‘ಹೋಗ್ತೇನೆ’ ಎನ್ನಬಾರದು, ‘ಬರ್ತೇನೆ’ ಎನ್ನಬೇಕು. ಒಳಗಿದ್ದವರು ‘ಹೋಗಿ ಬನ್ನಿ’ ಎನ್ನಬೇಕು. ಒಳಗೆ ಯಾರೂ ಇಲ್ಲದ್ದರಿಂದ ನಾನು ಬೆಳಿಗ್ಗೆ ಆ ಹೆಂಗಸಿಗೇ ‘ಬರ್ತೇನೆ’ ಎಂದು ಬಾಗಿಲು ಹಾಕುತ್ತಿದ್ದೆ. ಶಿಷ್ಟಾಚಾರ ಬಿಡಬಾರದಲ್ಲ.

ಆಗ ಕಾಲೇಜಿನ ಜೊತೆಗಿನ ನನ್ನ ಕರಾರು ಮುಗಿಯುವುದರಲ್ಲಿತ್ತು. ಇನ್ನೂ ಮೂರು ವರ್ಷಕ್ಕೆ ಸಹಿ ಕೇಳಿದ್ದರು. ಉಡುಪಿಯಲ್ಲಿ ಟೀಚರಾಗಿದ್ದ ಹೆಂಡತಿ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದಳು: “ನಾನು ಶಾಲೆ ಬಿಟ್ಟು ಬರುವವಳಲ್ಲ. ಸಹಿ ಹಾಕಿದರೆ ಅಲ್ಲಿಯೇ ಸಂಸಾರ ಹೂಡಿಕೊಳ್ಳಿ.” ನಾನು ಸಹಿ ಹಾಕುವುದೆಂದು ಹೆಚ್ಚುಕಡಿಮೆ ನಿಶ್ಚಯಿಸಿದ್ದೆ. ಒಂಟಿತನ ಅಭ್ಯಾಸವಾಗಿದೆ ಎಂದೇ ನನ್ನ ಲೆಕ್ಕಾಚಾರ.

ಒಂದು ಭಾನುವಾರ ಸಂಜೆ ಸಹೋದ್ಯೋಗಿ ಭಟ್ಟರು ಚಹಾಕ್ಕೆ ಬಂದರು. ಕುಡಿದು ಎದ್ದರು. ಬಾಗಿಲಾಚೆ ಚಪ್ಪಲಿ ಮೆಟ್ಟಿ, ಅಭ್ಯಾಸದಂತೆ “ಬರ್ತೇನೆ” ಎಂದರು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹೆಂಗಸಿನ ಸ್ವರ: “ಹೋಗಿ ಬನ್ನಿ.”

ಭಟ್ಟರ ಮುಖ ಅರಳಿತು. “ಏನು ಮಾರಾಯ್ರೆ, ಮನೆಯವರು ಬಂದದ್ದು ಹೇಳ್ಲೇ ಇಲ್ಲ! ನಾನು ಬರಿಗೈಯಲ್ಲಿ ಬಂದೆನಲ್ಲ!” ಎಂದು ಚಪ್ಪಲಿ ಬಿಟ್ಟು ಮತ್ತೆ ಒಳನುಗ್ಗಿದರು.

ಅಡುಗೆಮನೆ ಖಾಲಿ. ಕೋಣೆ ಖಾಲಿ. ಟಿವಿ, ರೇಡಿಯೊ ನನ್ನಲ್ಲಿರಲಿಲ್ಲ. ಚಿತ್ರದ ಹೆಂಗಸು ಬೆನ್ನು ಹಾಕಿಯೇ ಕೂತಿದ್ದಳು.

“ನೀವೂ ಕೇಳಿದ್ರಲ್ಲ?” ಎಂದರು ಭಟ್ಟರು.

“ಕೇಳಿದೆ.”

“ಚಹಾಕ್ಕೆ ಏನು ಹಾಕಿದ್ರಿ?” ಎಂದು ನಗಲು ನೋಡಿದರು, ನಗು ಬರಲಿಲ್ಲ. ಆಮೇಲೆ ಚಹಾಕ್ಕೆಂದರೆ ನಮ್ಮ ಭೇಟಿ ಬೀದಿ ಬದಿಯ ಮಾಮಕ್ ಅಂಗಡಿಯಲ್ಲೇ, ಅಂದರೆ ತಮಿಳು ಮುಸ್ಲಿಮರ ಚಹಾದಂಗಡಿಯಲ್ಲೇ.

ಅದು ಹೆಂಡತಿಯ ಸ್ವರವಲ್ಲ. ದಿನಾ ಹೇಳಿ ಹೇಳಿ ರೂಢಿಯಾದವರ ಧಾಟಿ, ಅಷ್ಟೇ. ಏನದು ಎಂದು ಇಂದಿಗೂ ನನಗೆ ಗೊತ್ತಿಲ್ಲ. ಭಟ್ಟರಿಗೂ ಗೊತ್ತಿಲ್ಲ.

ನಿಜ ಹೇಳುತ್ತೇನೆ, ಆ ರಾತ್ರಿ ನಾನು ಚೆನ್ನಾಗಿಯೇ ನಿದ್ದೆ ಮಾಡಿದೆ. ಮರುದಿನ ಬೆಳಿಗ್ಗೆ ಚಿತ್ರಕ್ಕೆ ‘ಬರ್ತೇನೆ’ ಎಂದೆ. ಉತ್ತರವಿಲ್ಲ. ಸ್ವಲ್ಪ ಜೋರಾಗಿ ಇನ್ನೊಮ್ಮೆ ಎಂದೆ. ಬಾಗಿಲು ಹಿಡಿದುಕೊಂಡು ಕಾದು ನಿಂತೆ. ಹೊಗೆ ಒಳಗೆ ಬರುತ್ತಿತ್ತು, ನಾನು ಕದಲಲಿಲ್ಲ. ಅಂದಿನ ಮೊದಲ ಪಾಠ ತಪ್ಪಿತು. ಹೆದರಿಕೆ ಹುಟ್ಟಿದ್ದು ಆಗಲೇ.

ಕರಾರಿಗೆ ಸಹಿ ಹಾಕಲಿಲ್ಲ. ಜನವರಿಯಲ್ಲಿ ಉಡುಪಿಗೆ ಬಂದೆ.