ಕೊಟ್ಟಿಗೆ ಹಿಂದಿನ ಕಾಟುಮಾವು

ಇಚಿಲಂಪಾಡಿಯಲ್ಲಿ ನನ್ನ ಅಪ್ಪ ಅಚ್ಚುತ ಗೌಡರಿಗೆ ಎರಡು ಕೆಲಸ. ಒಂದು ಕೃಷಿ, ಇನ್ನೊಂದು ಊರಲ್ಲಿ ಯಾರು ಸತ್ತರೂ ಹೋಗಿ ಚಿತೆ ಕಟ್ಟುವುದು. ಕೃಷಿಯಲ್ಲಿ ಅವರು ಅಂಥ ಹೆಸರೇನೂ ಮಾಡಲಿಲ್ಲ. ಎಲ್ಲರೂ ಗದ್ದೆಗೆ ಮಣ್ಣು ತುಂಬಿಸಿ ತೋಟ ಮಾಡಿದ ಮೇಲೂ ಇವರು ಹಠ ಹಿಡಿದು ಒಂದು ತುಂಡು ಗದ್ದೆ ಇಟ್ಟುಕೊಂಡು, ಸಾಯುವ ವರ್ಷದ ತನಕ ನವಿಲುಗಳಿಗೆ ಭತ್ತ ಬೆಳೆದರು. ಚಿತೆ ವಿಷಯದಲ್ಲಿ ಮಾತ್ರ ಅವರ ಮಾತೇ ಕೊನೆ. ನಮ್ಮ ಕಡೆ ಸತ್ತವರನ್ನು ಅವರವರ ಜಾಗದಲ್ಲೇ ಸುಡುವುದು, ಅದಕ್ಕೆ ಅದೇ ಜಾಗದ ಮಾವಿನ ಮರ ಕಡಿಯುವುದು ಕ್ರಮ. ಸುದ್ದಿ ಬಂದರೆ ಅಪ್ಪ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು.

ಕೆಲಸ ಮುಗಿಸಿ ತೋಡಿನಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲೇ ಅಂಗಳಕ್ಕೆ ಬಂದರೆ, ಅಮ್ಮ ಸೇವಂತಿಯದು ಯಾವಾಗಲೂ ಒಂದೇ ಪ್ರಶ್ನೆ: “ಚೆಂದ ಹೋದ್ರಾ?”

“ಹೋದ್ರು. ಹೊಗೆಯೇ ಇಲ್ಲ.”

ಬದುಕಿದ್ದಾಗ ಊರಿಗೆಲ್ಲ ಉಪದ್ರ ಕೊಟ್ಟವರೂ ಅಪ್ಪನ ಕೈಯಲ್ಲಿ ಚೆಂದವೇ ಹೋಗುತ್ತಿದ್ದರು. ನಾನೂ ಅಣ್ಣ ರೂಪೇಶನೂ ಬಾಗಿಲ ಹಿಂದೆ ನಿಂತು ನಗುತ್ತಿದ್ದೆವು.

ತನಗೆಂದು ಅಪ್ಪ ಕೊಟ್ಟಿಗೆ ಹಿಂದೆ ಒಂದು ದೊಡ್ಡ ಕಾಟುಮಾವಿನ ಮರ ಉಳಿಸಿದ್ದರು. ಮರದ ವ್ಯಾಪಾರಿಗಳು ಬಂದರೆ, “ಅದಕ್ಕೆ ಗಿರಾಕಿ ಉಂಟು ಮಾರಾಯ್ರೆ, ನಾನೇ,” ಎಂದು ಕಳಿಸುತ್ತಿದ್ದರು. ಆ ಮರ ಅವರಿಗೆ ಸಿಗಲಿಲ್ಲ. ಒಂದು ಮಳೆಗಾಲ ಅಡಿಕೆ ತೋಟದಲ್ಲಿ ಕಂಗಿಗೆ ಮದ್ದು ಬಿಡಲು ಹತ್ತಿದ ರೂಪೇಶ ಜಾರಿ ಬಿದ್ದ. ಆಸ್ಪತ್ರೆಗೆ ಮುಟ್ಟುವ ಮೊದಲೇ ಹೋದ. ಆ ಮರ ಕಡಿದರು. ಅಪ್ಪ ಯಾರನ್ನೂ ಹತ್ತಿರ ಬಿಡದೆ ಒಬ್ಬರೇ ಮಗನ ಚಿತೆ ಕಟ್ಟಿದರು. ಆ ದಿನ ಅಂಗಳದಲ್ಲಿ ಅಮ್ಮ ಏನೂ ಕೇಳಲಿಲ್ಲ.

ಆ ಮರದ ಬುಡದಲ್ಲಿ ಬಿದ್ದ ಗೊರಟಿನಿಂದ ಹುಟ್ಟಿದ ಒಂದು ಗಿಡವನ್ನು ಅಪ್ಪ ಅದೇ ಜಾಗದಲ್ಲಿ ನೆಟ್ಟರು. ಆ ಗಿಡ ಅಪ್ಪ ಅಮ್ಮ ಇಬ್ಬರಿಗೂ ಬೇಕಾಯಿತು. ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವಾಗ ಅಮ್ಮ ರೂಪೇಶನ ಎಲೆಯನ್ನು ಅದರ ಬುಡದಲ್ಲಿಡುತ್ತಿದ್ದಳು. “ಇವತ್ತು ಎರಡು ಚಿಗುರು ಬಿಟ್ಟಿದ್ದಾನೆ,” ಎನ್ನುತ್ತಿದ್ದಳು, ಅದು ಮರವಲ್ಲ ಮಗನೇ ಎಂಬಂತೆ. ಅಪ್ಪನೋ, ಹಟ್ಟಿಗೊಬ್ಬರ ಹಾಕಿ, ಕಾಂಡವನ್ನು ಎರಡು ಕೈಯಲ್ಲಿ ಹಿಡಿದು ಅಳೆದು, “ಇನ್ನೂ ಸಾಕಾಗ್ಲಿಕ್ಕಿಲ್ಲ ನನಗೆ,” ಎನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಮನೆಯಲ್ಲಿ ಬದುಕಿರುವ ನಾನೊಬ್ಬ ಮಗ ಇದ್ದೇನೆ ಎಂಬುದು ಇಬ್ಬರಿಗೂ ಮರೆತಿದೆಯೋ ಎಂದು.

ವರ್ಷಗಳು ಕಳೆದು ಗಿಡ ಮರವಾಯಿತು. ಕಳೆದ ಆಟಿಯಲ್ಲಿ ಅಪ್ಪ ತೋಟದಿಂದ ಬಂದು ಜಗಲಿಯಲ್ಲಿ ಕೂತು ಗಂಬೂಟು ಕಳಚುತ್ತಿದ್ದರು. ಒಂದು ಕಳಚಿದರು. ಇನ್ನೊಂದು ಕಾಲಲ್ಲೇ ಇತ್ತು, ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ.

ಮರ ಕೊಯ್ಯುವ ಕಲಂದರ್ ಮೆಷಿನ್ ಹಿಡಿದು ಬಂದ. ಎಷ್ಟೋ ಸಾವಿನ ಮನೆಗಳಲ್ಲಿ ಅಪ್ಪನ ಜೊತೆ ಮರ ಕಡಿದವನು, ಯಾವುದೆಂದು ಕೇಳುವ ಅಗತ್ಯವೇ ಅವನಿಗಿರಲಿಲ್ಲ. ನೇರ ಕೊಟ್ಟಿಗೆ ಹಿಂದೆ ಹೋದ. ಮೆಷಿನಿನ ಶಬ್ದ ಕೇಳಿದ್ದೇ ಅಮ್ಮ ಅಪ್ಪನ ತಲೆ ಹತ್ತಿರದಿಂದ ಎದ್ದು ಓಡಿದಳು. ಮಳೆಯಲ್ಲಿ ಆ ಮರವನ್ನು ಅಪ್ಪಿ ನಿಂತಳು.

“ಒಬ್ಬನನ್ನು ಎರಡು ಸಲ ಸುಡ್ಲಿಕ್ಕೆ ನಾನು ಬಿಡುದಿಲ್ಲ.”

“ಅಕ್ಕ, ಇದು ಅವರೇ ಇಟ್ಟದ್ದಲ್ವಾ? ನನ್ನ ಹತ್ರ ಎಷ್ಟು ಸಲ ಹೇಳಿದ್ದಾರೆ,” ಎಂದ ಕಲಂದರ್. ಅಮ್ಮ ಕೈ ಸಡಿಲಿಸಲಿಲ್ಲ. ಅವನು ನನ್ನ ಮುಖ ನೋಡಿದ. ನಾನು ಬೇಡವೆಂದು ತಲೆಯಾಡಿಸಿದೆ. ಶಾಸ್ತ್ರಕ್ಕೆಂದು ಆ ಮರದ ಒಂದು ಗೆಲ್ಲು ಮಾತ್ರ ಕಡಿದೆವು. ಉಳಿದದ್ದಕ್ಕೆ ಶೆಡ್ಡಿನಲ್ಲಿದ್ದ ರಬ್ಬರ್ ಕಟ್ಟಿಗೆ ಹೊತ್ತೆವು. “ರಬ್ಬರ್ ಒಲೆಗೆ ಆಯ್ತು, ಮನುಷ್ಯರಿಗಲ್ಲ,” ಎಂದು ಅಪ್ಪ ಊರಿಗೆಲ್ಲ ಬೈದಿದ್ದರು. ಶೆಡ್ಡಿನ ಮಾಡು ಸೋರಿ ಅರ್ಧ ಕಟ್ಟಿಗೆ ಒದ್ದೆಯಾಗಿತ್ತು. ಬೆಂಕಿ ಹಿಡಿಯಲಿಲ್ಲ. ತೆಂಗಿನ ಗೆರಟೆ ಸುರಿದೆವು, ತುಪ್ಪ ಸುರಿದೆವು, ಕೊನೆಗೆ ಯಾರೋ ಟಿಲ್ಲರಿನ ಡೀಸೆಲ್ ತಂದರು. ಕಟ್ಟಿದ ಚಿತೆ ಒಂದು ಬದಿಗೆ ಜರಿಯಿತು. ಇಷ್ಟು ಜನರನ್ನು ಚೆಂದ ಕಳಿಸಿಕೊಟ್ಟ ಮನುಷ್ಯನಿಗೆ ನಾವು ಒಂದು ನೆಟ್ಟಗಿನ ಬೆಂಕಿ ಕೊಡಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು. ಅಳು ಆಮೇಲೆ ಬಂತು.

ಸಂಜೆ ತೋಡಿನಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲೇ ಅಂಗಳಕ್ಕೆ ಬಂದೆ. ಅಮ್ಮ ಜಗಲಿಯಲ್ಲಿ ಆ ಗಂಬೂಟುಗಳ ಪಕ್ಕ ಕೂತಿದ್ದಳು.

“ಚೆಂದ ಹೋದ್ರಾ?”

“ಹೋದ್ರು ಅಮ್ಮ. ಹೊಗೆಯೇ ಇಲ್ಲ.”

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಕಣ್ಣು ಕೆಂಪಗಿತ್ತು. ಅಂಗಳದ ತುಂಬ ರಬ್ಬರ್ ಕಟ್ಟಿಗೆಯ ಹೊಗೆ ಇನ್ನೂ ಕೂತಿತ್ತು.

“ಸುಳ್ಳು ಹೇಳ್ಬೇಡ ಮಗ,” ಎಂದಳು. “ಆ ಮರ ಕಡಿಲಿಕ್ಕೆ ಬಿಡ್ಬೇಕಿತ್ತು ನಾನು.”